ಹಾವು ಕಚ್ಚಿ ಜೀವ ಉಳೀತು, ಆದ್ರೆ ಕಣ್ಣು ಯಾಕೆ ಹೋಯ್ತು?

ಪ್ರಶ್ನೆ: ಡಾಕ್ಟ್ರೇ, ನಾವು ಶಿಕಾರಿಪುರದ ಕಡೆಯವರು. ಎರಡೂವರೆ ತಿಂಗಳ ಹಿಂದೆ ಭತ್ತ ಕೊಯ್ಯುವಾಗ ನನ್ನ ತಮ್ಮನ ಕಾಲಿಗೆ ಕೊಳಕು ಮಂಡಲ ಕಚ್ಚಿತು, ಅವನಿಗೆ 34 ವರ್ಷ. ಆಸ್ಪತ್ರೆಗೆ ಸೇರಿಸೋಕೆ ಮೂರು ತಾಸು ಆಯ್ತು. 20 ಬಾಟ್ಲಿ ವಿಷ ಇಳಿಸೋ ಇಂಜೆಕ್ಷನ್ ಕೊಟ್ರು, ಕಿಡ್ನಿಗೆ ತೊಂದ್ರೆ ಆಗಿ ನಾಲ್ಕು ಸಲ ಡಯಾಲಿಸಿಸ್ ಆಯ್ತು, ದೇವರ ದಯೆ ಬದುಕಿದ. ಮೂರನೇ ದಿನವೇ ಬಲಗಣ್ಣು ಮಂಜು ಅಂದಿದ್ದ, ವಿಷದ ಎಫೆಕ್ಟು ತಾನಾಗೇ ಹೋಗತ್ತೆ ಅಂದ್ರು. ಈಗ ಬಲಗಣ್ಣಲ್ಲಿ ಕೈ ಆಡಿಸಿದ್ರೆ ಮಾತ್ರ ಗೊತ್ತಾಗತ್ತೆ. ಕಣ್ಣಿನ ಡಾಕ್ಟ್ರು ನರ ಬಿಳಿಚಿಕೊಂಡಿದೆ ಅಂದ್ರು. ಎಡಗಣ್ಣು ಸರಿ ಇದೆ ಅಂತಾನೆ, ಆದ್ರೆ ಊಟಕ್ಕೆ ಕೂತಾಗ ಎಡಗಡೆ ಇಟ್ಟ ಲೋಟಕ್ಕೂ ಕೈ ತಗುಲಿ ಚೆಲ್ಲತ್ತೆ. ಯಾವಾಗ್ಲೂ ಸುಸ್ತು, ಮಲಗೇ ಇರ್ತಾನೆ, ತಿಂಗಳಿಂದ ಶೇವ್ ಮಾಡಿಲ್ಲ, ಗಡ್ಡನೂ ಅಷ್ಟಾಗಿ ಬೆಳೆದಿಲ್ಲ. ಇಂಜೆಕ್ಷನ್ ಜಾಸ್ತಿ ಆಗಿ ಹೀಗಾಯ್ತಾ? ದೃಷ್ಟಿ ವಾಪಸ್ ಬರತ್ತಾ? ಮನೇಲಿ ಕೆಲವರು ಸರ್ಪದೋಷ ಅಂತಿದಾರೆ. ಏನು ಮಾಡೋದು ಹೇಳಿ.

ಉತ್ತರ: ಅಕ್ಕ, ನೀವು ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ನೀವು ಕೇಳದೇ ಇರೋ ಒಂದು ವಿಷಯ ಇದೆ. ನೀವು ಬರೆದಿದ್ರಲ್ಲಿ ನಂಗೆ ಬಲಗಣ್ಣಿಗಿಂತ ಜಾಸ್ತಿ ಚಿಂತೆ ಹತ್ತಿದ್ದು ಕೊನೆಯ ಎರಡು ಮಾತು, ಯಾವಾಗ್ಲೂ ಸುಸ್ತು ಅನ್ನೋದು ಮತ್ತೆ ಗಡ್ಡ ಬೆಳೆದಿಲ್ಲ ಅನ್ನೋದು.

ನಮ್ಮ ಮೆದುಳಿನ ತಳದಲ್ಲಿ, ಎರಡೂ ಕಣ್ಣಿನ ನರಗಳು ಬಂದು ಸೇರೋ ಜಾಗದ ಸರಿಯಾಗಿ ಕೆಳಗೆ, ಕಡಲೆಕಾಳಿನಷ್ಟು ದಪ್ಪದ ಪಿಟ್ಯುಟರಿ ಅನ್ನೋ ಗ್ರಂಥಿ ಇದೆ. ಥೈರಾಯ್ಡು, ಮೈಗೆ ಕಷ್ಟ ತಡೆಯೋ ಶಕ್ತಿ ಕೊಡೋ ಕಾರ್ಟಿಸಾಲ್ ಅನ್ನೋ ಹಾರ್ಮೋನು, ಗಂಡಸರ ಹಾರ್ಮೋನು, ಹೆಂಗಸರ ಮುಟ್ಟು ಎಲ್ಲಾ ನಡೆಯೋದು ಇದರ ಅಪ್ಪಣೆ ಮೇಲೆ. ಕೊಳಕು ಮಂಡಲ ಕಚ್ಚಿ ರಕ್ತ ಕೆಟ್ಟವರಲ್ಲಿ, ಅದ್ರಲ್ಲೂ ಕಿಡ್ನಿ ಕೈಕೊಟ್ಟವರಲ್ಲಿ, ಕೆಲವರಿಗೆ ಈ ಗ್ರಂಥಿಯೊಳಗೇ ರಕ್ತಸ್ರಾವ ಆಗಿ ಅಥವಾ ರಕ್ತ ಹೋಗದೆ ಅದು ಸತ್ತು ಹೋಗತ್ತೆ, ಇದು ವಾರಗಳೋ ತಿಂಗಳುಗಳೋ ಆದ್ಮೇಲೆ ಸುಸ್ತು, ವಾಕರಿಕೆ, ಚಳಿ ತಡೆಯದಿರೋದು, ಎದ್ದು ನಿಂತ್ರೆ ತಲೆ ಸುತ್ತೋದು, ಗಡ್ಡ ನಿಧಾನ ಆಗೋದು ಅಂತ ಶುರುವಾಗತ್ತೆ. ಮನೆಯವರು ಜ್ವರ ಬಿದ್ದೆದ್ದವರ ಹಾಗೆ ನಿಶ್ಶಕ್ತಿ, ಗಂಜಿ ಕುಡಿದ್ರೆ ಸರಿ ಹೋಗತ್ತೆ ಅಂತ ಸುಮ್ನಿರ್ತಾರೆ. ಸುಸ್ತಿಗೆ ಕಿಡ್ನಿ ತೊಂದ್ರೆಯೂ ಕಾರಣ ಇರಬಹುದು, ಹಾಗಂತ ಇದನ್ನ ಬಿಡೋ ಹಾಗಿಲ್ಲ. ನಾಳೆಯೇ ಒಬ್ಬ ಫಿಜಿಶಿಯನ್ ಹತ್ರ ಕರ್ಕೊಂಡು ಹೋಗಿ, ಬೆಳಿಗ್ಗೆ 8 ಗಂಟೆ ಹೊತ್ತಿಗೆ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ಕೊಡಿ, ಜೊತೆಗೆ ಥೈರಾಯ್ಡ್ ಪರೀಕ್ಷೆಗಳಾದ ಫ್ರೀ ಟಿ4, ಟಿಎಸ್‌ಎಚ್, ಟೆಸ್ಟೋಸ್ಟೆರಾನ್, ಸೋಡಿಯಂ, ಕಿಡ್ನಿಗೆ ಕ್ರಿಯಾಟಿನಿನ್ ಮಾಡ್ಸಿ. ಬರೀ ಟಿಎಸ್‌ಎಚ್ ನೋಡಿ ಥೈರಾಯ್ಡ್ ನಾರ್ಮಲ್ ಅಂದ್ರೆ ಒಪ್ಕೋಬೇಡಿ, ತೊಂದ್ರೆ ಪಿಟ್ಯುಟರಿದಾದ್ರೆ ಅದೊಂದೇ ನಂಬರ್ ಮೋಸ ಮಾಡತ್ತೆ. ಇನ್ನೊಂದು ಮಾತು, ಕಾರ್ಟಿಸಾಲ್ ಕಡಿಮೆ ಇರೋರಿಗೆ ಅದನ್ನ ಸರಿ ಮಾಡದೆ ಮೊದಲು ಥೈರಾಯ್ಡ್ ಮಾತ್ರೆ ಶುರು ಮಾಡಿದ್ರೆ ಅಪಾಯ, ಆ ಕ್ರಮವನ್ನ ಡಾಕ್ಟ್ರೇ ತೀರ್ಮಾನ ಮಾಡ್ಲಿ. ಅಷ್ಟರಲ್ಲಿ ವಾಂತಿ ಶುರುವಾಗಿ ಎದ್ದೇಳೋಕೆ ಆಗದ ಹಾಗೆ ಕುಸಿದ್ರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೇಲಿ ಹಾವು ಕಚ್ಚಿತ್ತು, ಪಿಟ್ಯುಟರಿ ಡೌಟ್ ಇದೆ ಅಂತ ಬಾಯಿಬಿಟ್ಟು ಹೇಳಿ.

ಈ ಲೋಟದ ವಿಷಯವೂ ಅಲ್ಲಿಗೇ ಬರತ್ತೆ. ಬಲಗಣ್ಣು ಹೋದವರಿಗೆ ಬಲಗಡೆ ಇರೋದು ತಗುಲೋದು ಸಹಜ. ಎಡಗಡೆ ಇರೋ ಲೋಟ ಯಾಕೆ ಕಾಣ್ಬಾರದು? ಎಡಗಣ್ಣು ನೇರ ನೋಡೋದನ್ನ ಚೆನ್ನಾಗೇ ನೋಡ್ತಾ ಇರಬಹುದು, ಬೋರ್ಡಿನ ಕೊನೆ ಸಾಲಿನ ಅಕ್ಷರವನ್ನೂ ಓದಬಹುದು, ಆದ್ರೆ ಪಕ್ಕದ ನೋಟ ಹೋಗಿರಬಹುದು, ಹಾಗೆ ಹೋದಾಗ ರೋಗಿಗೇ ಗೊತ್ತಾಗಲ್ಲ, ಅವರು ಸರಿ ಇದೆ ಅಂತಾನೇ ಹೇಳ್ತಾರೆ. ಇದಕ್ಕೆ ವಿಷುವಲ್ ಫೀಲ್ಡ್ ಅಂತ ಒಂದು ಟೆಸ್ಟ್ ಇದೆ, ಬೋಗುಣಿ ತರದ ಮಷೀನಿನೊಳಗೆ ಗಲ್ಲ ಇಟ್ಟು ಅಲ್ಲಲ್ಲಿ ಮಿಣುಕೋ ಬೆಳಕು ಕಂಡಾಗ ಬಟನ್ ಒತ್ತೋದು. ಅದು ಆಗ್ಲೇಬೇಕು, ಮೆದುಳಿನ ಎಂಆರ್‌ಐ ಕೂಡ ಆಗ್ಬೇಕು, ಬರೆಯುವಾಗಲೇ ಪಿಟ್ಯುಟರಿ ಮತ್ತೆ ಮೆದುಳಿನ ಹಿಂಭಾಗ ಎರಡನ್ನೂ ನೋಡಿ ಅಂತ ಬರೆಸಿ. ಡೈ ಹಾಕೋ ಮಾತು ಬಂದ್ರೆ ಡಯಾಲಿಸಿಸ್ ಆಗಿತ್ತು ಅಂತ ಮೊದಲೇ ತಿಳಿಸಿ.

ಈಗ ಇಂಜೆಕ್ಷನ್ ಪ್ರಶ್ನೆ. 20 ವೈಲ್, ಅಂದ್ರೆ 20 ಬಾಟ್ಲಿ, ಜಾಸ್ತಿ ಅಲ್ಲ. ಲೆಕ್ಕ ನೋಡಿ, ಹಾವಿನ ವಿಷ ಇಳಿಸೋ ಔಷಧಿಯಾದ ನಮ್ಮ ದೇಶದ ಎಎಸ್‌ವಿ 1 ಎಂಎಲ್ ಅಂದ್ರೆ ಕೊಳಕು ಮಂಡಲದ 0.6 ಮಿಲಿಗ್ರಾಂ ವಿಷವನ್ನ ತಟಸ್ಥ ಮಾಡೋವಷ್ಟು. ಒಂದು ವೈಲ್ 10 ಎಂಎಲ್, ಹತ್ತು ವೈಲ್ ಸೇರಿದ್ರೆ 60 ಮಿಲಿಗ್ರಾಂ, ಕೊಳಕು ಮಂಡಲ ಒಂದು ಕಡಿತದಲ್ಲಿ ಬಿಡೋ ವಿಷವೂ ಸರಾಸರಿ ಆ ಆಸುಪಾಸಿನಲ್ಲೇ ಇರತ್ತೆ. ಅದಕ್ಕೇ ಮೊದಲ ಡೋಸ್ 8ರಿಂದ 10 ವೈಲ್, ಮಕ್ಕಳಿಗೂ ಅಷ್ಟೇ, ಯಾಕಂದ್ರೆ ಮಗು ಚಿಕ್ಕದು ಅಂತ ಹಾವು ಕಡಿಮೆ ವಿಷ ಬಿಡಲ್ಲ. ಆಮೇಲೆ 6 ಗಂಟೆ ಬಿಟ್ಟು ಮತ್ತೆ ರಕ್ತ ನೋಡ್ತಾರೆ. ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡೋದು, ಚೆನ್ನಾಗಿರೋ ರಕ್ತ ಗಿಣ್ಣಿನ ಹಾಗೆ ಗಟ್ಟಿಯಾಗಿ ತಳಕ್ಕೆ ಅಂಟಿರತ್ತೆ, ವಿಷ ಏರಿದ ರಕ್ತ ನೀರಿನ ಹಾಗೆ ಜಾರಿ ಬರತ್ತೆ. ನಿಮ್ಮ ತಮ್ಮಂದು ಎರಡನೇ ಸಲವೂ ಹೆಪ್ಪುಗಟ್ಟದೇ ಇದ್ದಿದ್ದಕ್ಕೆ ಇನ್ನು ಹತ್ತು ಕೊಟ್ಟಿರ್ತಾರೆ. ಆ ಡಾಕ್ಟ್ರು ಸರಿಯಾಗೇ ಮಾಡಿದಾರೆ, ಅವರಿಂದಲೇ ಅವನು ಉಳಿದಿದ್ದು.

ಎಎಸ್‌ವಿ ಆದ್ಮೇಲೆ ಅಲರ್ಜಿ ತರಹದ ಪ್ರತಿಕ್ರಿಯೆಯಿಂದ ಕಣ್ಣಿನ ನರ ಊದಿಕೊಂಡ ಒಂದೆರಡು ಕೇಸ್ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ, ಅದನ್ನ ಮುಚ್ಚಿಡಲ್ಲ. ಆದ್ರೆ ಸೀರಂ ಸಿಕ್‌ನೆಸ್ ಅನ್ನೋ ಆ ಪ್ರತಿಕ್ರಿಯೆ ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ, ಕೀಲುನೋವು, ಗಂಧೆ ಜೊತೆ ಬರತ್ತೆ. ನಿಮ್ಮ ತಮ್ಮ ಮೂರನೇ ದಿನವೇ ಹೇಳಿದಾನೆ, ಬಿಪಿ ಬಿದ್ದು, ಕಿಡ್ನಿ ನಿಂತು, ರಕ್ತ ಕೆಟ್ಟಿದ್ದ ಹೊತ್ತು ಅದು. ನಾನಾದ್ರೆ ವಿಷದ ಕಡೆಗೇ ಬೆರಳು ತೋರಿಸ್ತೀನಿ. ದಯವಿಟ್ಟು ಊರಲ್ಲಿ ಯಾರಿಗೂ ಇಂಜೆಕ್ಷನ್ನಿಂದ ಕಣ್ಣು ಹೋಯ್ತು ಅಂತ ಹೇಳ್ಬೇಡಿ, ನಾಳೆ ಇನ್ನೊಬ್ಬರಿಗೆ ಕಚ್ಚಿದಾಗ ಅವರು ಆ ಮಾತಿಗೆ ಹೆದರಿ ಇಂಜೆಕ್ಷನ್ ಬೇಡ ಅಂದ್ರೆ ಹೋಗೋದು ಜೀವ.

ಹಾಗಾದ್ರೆ ವಿಷ ಕಣ್ಣಿಗೆ ಏನು ಮಾಡತ್ತೆ? ಕಣ್ಣು ಕಾಣ್ತಿಲ್ಲ ಅನ್ನೋದು ಒಂದೇ ಕಾಯಿಲೆ ಅಲ್ಲ, ನೋಟ ಎಲ್ಲಿ ನಿಂತಿದೆ ಅಂತ ಹುಡುಕ್ಬೇಕು, ಯಾಕಂದ್ರೆ ಒಂದೊಂದು ಜಾಗಕ್ಕೆ ಒಂದೊಂದು ಚಿಕಿತ್ಸೆ, ಒಂದೊಂದು ಗಡುವು. ತಾನಾಗೇ ಹೋಗತ್ತೆ ಅನ್ನೋ ಮಾತು ಕೆಲವಕ್ಕೆ ನಿಜ, ಕೆಲವಕ್ಕೆ ಅದೇ ಮಾತು ಕಣ್ಣು ಕಳೆಯತ್ತೆ.

ಕೊಳಕು ಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸೋ ಅಂಶಗಳನ್ನ ಒಂದೇ ಸಲಕ್ಕೆ ಕೆರಳಿಸಿ ಸುಟ್ಟು ಖಾಲಿ ಮಾಡತ್ತೆ, ಜೊತೆಗೆ ರಕ್ತನಾಳದ ಗೋಡೆಯನ್ನೂ ಸಡಿಲ ಮಾಡತ್ತೆ. ಅದಕ್ಕೇ ಒಂದೇ ಮೈಯಲ್ಲಿ ಒಂದು ಕಡೆ ರಕ್ತ ಸೋರ್ತಿರತ್ತೆ, ಇನ್ನೊಂದು ಕಡೆ ಸಣ್ಣ ನಾಳ ಕಟ್ಕೊಂಡಿರತ್ತೆ. ಬಿಳಿಗುಡ್ಡೆ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪಾದ್ರೆ ನೋಡೋಕೆ ಭಯ, ಆದ್ರೆ ದೃಷ್ಟಿಗೆ ಅದರಿಂದ ಏನೂ ಆಗಲ್ಲ, ಎರಡು ಮೂರು ವಾರಕ್ಕೆ ಹೋಗತ್ತೆ. ಆ ಹೊತ್ತಲ್ಲಿ ಅದು ಹೇಳೋ ಸುದ್ದಿ ಬೇರೆ, ಮೈಯೊಳಗೆ ಇನ್ನೂ ರಕ್ತ ನಿಂತಿಲ್ಲ ಅಂತ. ಕಣ್ಣಿನ ಒಳಗಿನ ಜೆಲ್ಲಿಗೆ ರಕ್ತ ಇಳಿದ್ರೆ ಜೇಡರ ಬಲೆ, ಮಸಿ ಹಾರಿದ ಹಾಗೆ ಕಾಣತ್ತೆ, ಇದನ್ನ ಸ್ಕ್ಯಾನ್ ಮಾಡಿ ಕೆಲವು ವಾರ ಕಾಯಬಹುದು, ಕರಗದೇ ಇದ್ರೆ ವಿಟ್ರೆಕ್ಟಮಿ ಅನ್ನೋ ಆಪರೇಷನ್ ಮಾಡಿ ತೆಗೀತಾರೆ, ಹಿಂದಿನ ಪರದೆ ಚೆನ್ನಾಗಿದ್ರೆ ದೃಷ್ಟಿ ಬರತ್ತೆ.

ಕಾಯಬಾರದ್ದು ಯಾವುದು ಅಂದ್ರೆ ಒತ್ತಡ ಏರೋದು. ನಾಳಗಳಿಂದ ನೀರು ಸೋರಿ ರೆಪ್ಪೆ ಊದಿ, ಬಿಳಿಗುಡ್ಡೆ ಮೇಲೆ ಲೋಳೆಸರದ ತಿರುಳಿನ ಹಾಗೆ ಉಬ್ಬಿಕೊಂಡು ಬರೋದನ್ನ ನಮ್ಮ ಕಡೆ ಐಸಿಯುಗಳಲ್ಲಿ ನೋಡ್ತೀವಿ, ಅಂಥವರಲ್ಲಿ ಕೆಲವರಿಗೆ ಕಣ್ಣಿನೊಳಗಿನ ದ್ರವ ಹೊರಗೆ ಹೋಗೋ ಮೂಲೆ ಮುಚ್ಚಿಕೊಂಡು ಒತ್ತಡ ಒಮ್ಮೆಲೇ ಏರತ್ತೆ. ಸಾಮಾನ್ಯವಾಗಿ 10ರಿಂದ 21 ಇರಬೇಕಾದ್ದು 40, 50 ದಾಟಬಹುದು. ರೋಗಿ ತಲೆನೋವು, ವಾಂತಿ, ಮಂಜು ಅಂತಾನೆ, ಅದೆಲ್ಲಾ ವಿಷದ್ದೇ ಅಂತ ಎಲ್ಲರೂ ಅಂದ್ಕೊಳ್ತಾರೆ. ಕಣ್ಣು ಮುಚ್ಚಿಸಿ ರೆಪ್ಪೆ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಮುಟ್ಟಿ ನೋಡಿದ್ರೆ ಕಲ್ಲಿನ ಹಾಗೆ ಇರತ್ತೆ. ಇದಕ್ಕೆ ಡ್ರಾಪ್ಸು ಮಾತ್ರೆ ಇದೆ, ಒಳಗೆ ಯಾಕೆ ಮುಚ್ಚಿದೆ ಅಂತ ನೋಡಿ ಡಾಕ್ಟ್ರು ಆರಿಸ್ತಾರೆ, ಆದ್ರೆ ಗಂಟೆಗಳ ಲೆಕ್ಕದಲ್ಲಿ ಆಗ್ಬೇಕು.

ನಿಮ್ಮ ತಮ್ಮನಿಗೆ ಆಗಿರೋದು ಇನ್ನೂ ಹಿಂದೆ, ಕಣ್ಣಿನಿಂದ ಮೆದುಳಿಗೆ ಹೋಗೋ ಆಪ್ಟಿಕ್ ನರದಲ್ಲಿ. ಬಿಪಿ ಬಿದ್ದಾಗ ಆ ನರಕ್ಕೆ ರಕ್ತ ಸಾಲದೆ ಹೋಗಿರಬಹುದು, ಸಣ್ಣ ನಾಳ ಕಟ್ಟಿರಬಹುದು, ಉರಿಯೂತ ಇರಬಹುದು. ಕಣ್ಣಿನ ಡಾಕ್ಟ್ರು ಕತ್ತಲೆ ರೂಮಲ್ಲಿ ಟಾರ್ಚನ್ನ ಎಡಗಣ್ಣಿಗೆ ಬಿಟ್ಟು ಬಲಗಣ್ಣಿಗೆ ಹೊರಳಿಸಿರ್ತಾರೆ ನೋಡಿ, ಎಡಗಣ್ಣಿಗೆ ಬೆಳಕು ಬಿದ್ದಾಗ ಎರಡೂ ಪಾಪೆ ಕಿರಿದಾಗತ್ತೆ, ಬಲಗಣ್ಣಿಗೆ ತಂದಾಗ ಕಿರಿದಾಗೋ ಬದಲು ಅಗಲ ಆಗತ್ತೆ. ಬೆಳಕು ಬಿದ್ದಿದೆ, ಆದ್ರೆ ಆ ಸುದ್ದಿ ಒಳಗೆ ಮುಟ್ಟಿಲ್ಲ ಅಂತ ಅರ್ಥ. ಇದಕ್ಕೆ ಒಂದು ಟಾರ್ಚ್ ಸಾಕು. ಮೂರನೇ ದಿನ ಅವನು ಮಂಜು ಅಂದಾಗ ಯಾರಾದ್ರೂ ಇದನ್ನ ಮಾಡಿದ್ರೆ ಅಂತ ನಂಗೆ ಸಂಕಟ ಆಗತ್ತೆ. ಆಗ ಗೊತ್ತಾಗಿದ್ರೆ ಸ್ಟೆರಾಯ್ಡ್ ಡ್ರಿಪ್ ಯೋಚನೆ ಮಾಡಬಹುದಿತ್ತು, ಅದರಿಂದ ಕೆಲವರಿಗೆ ದೃಷ್ಟಿ ಸುಧಾರಿಸಿದ ವರದಿಗಳಿವೆ, ಆದ್ರೆ ಎಲ್ಲವೂ ಬಿಡಿ ಕೇಸುಗಳು, ಕೊಟ್ಟಿದ್ರೆ ಬಂದೇ ಬರ್ತಿತ್ತು ಅಂತ ಹೇಳೋ ಧೈರ್ಯ ನಂಗಿಲ್ಲ. ನೀವೂ ಆಗ ಹಠ ಮಾಡ್ಬೇಕಿತ್ತು ಅಂತ ಕೊರಗಬೇಡಿ.

ಈಗ ನರ ಬಿಳಿಚಿದೆ ಅಂದ್ರೆ ಅಲ್ಲಿನ ಎಳೆಗಳು ಸತ್ತಿವೆ. ಸತ್ತ ಎಳೆ ಮತ್ತೆ ಬೆಳೆಯಲ್ಲ. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಸ್ವಲ್ಪ ಸುಧಾರಣೆ ಆಗೋದುಂಟು, ಕೈ ಆಡಿಸೋದು ಕಾಣ್ತಿದ್ದವರಿಗೆ ಬೆರಳು ಎಣಿಸೋವಷ್ಟು ಬರಬಹುದು, ಬಲಗಣ್ಣಲ್ಲಿ ಪೇಪರ್ ಓದೋ ಮಟ್ಟಕ್ಕೆ ಬರತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ. ನರಕ್ಕೆ ಶಕ್ತಿ ಅಂತ ತಿಂಗಳಿಗೆ ಸಾವಿರಾರು ರೂಪಾಯಿ ಮಾತ್ರೆ, ಸ್ಟೆಮ್ ಸೆಲ್ ಪ್ಯಾಕೇಜು ಅಂತ ಯಾರಾದ್ರೂ ಹೇಳಿದ್ರೆ ದುಡ್ಡು ಸುರಿಯಬೇಡಿ, ಆ ದುಡ್ಡು ಎಂಆರ್‌ಐಗೆ ಇರ್ಲಿ. ಬೆಂಗಳೂರಿಗೆ ಹೋಗೋದಾದ್ರೆ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ, ಫೀಲ್ಡ್ ಟೆಸ್ಟ್, ನರದ ಪರೀಕ್ಷೆ ಅಲ್ಲಿ ಆಗತ್ತೆ, ಹೋಗುವಾಗ ಡಿಸ್ಚಾರ್ಜ್ ಸಮರಿ, ಡಯಾಲಿಸಿಸ್ ಚಾರ್ಟ್, ಎಷ್ಟು ವೈಲ್ ಯಾವ ದಿನ ಕೊಟ್ರು ಅನ್ನೋದು ಎಲ್ಲಾ ತಗೊಂಡು ಹೋಗಿ. ಕಿಡ್ನಿ ಪೂರ್ತಿ ಚೇತರಿಸದೆ ಬಿಪಿ ಏರ್ತಾ ಇದ್ರೆ ಅದು ಎಡಗಣ್ಣಿನ ರೆಟಿನಾಗೂ ಪೆಟ್ಟು ಕೊಡತ್ತೆ, ಅದಕ್ಕೇ ಬಿಪಿ ವಾರಕ್ಕೊಮ್ಮೆ ನೋಡಿಸಿ.

ಇನ್ನೂ ಹಿಂದೆ ಹೋದ್ರೆ ಮೆದುಳಿನ ಹಿಂಭಾಗ. ನೋಡಿದ್ದನ್ನ ಅರ್ಥ ಮಾಡ್ಕೊಳ್ಳೋ ಜಾಗ ಅದು, ಅಲ್ಲಿ ರಕ್ತಸ್ರಾವ ಅಥವಾ ಸ್ಟ್ರೋಕ್ ಆದ್ರೆ ಕಣ್ಣು ಪೂರ್ತಿ ಆರೋಗ್ಯ, ಪಾಪೆ ಬೆಳಕಿಗೆ ಸರಿಯಾಗಿ ಕಿರಿದಾಗತ್ತೆ, ಆದ್ರೂ ಮನುಷ್ಯನಿಗೆ ಕಾಣಲ್ಲ. ನಾಟಕ ಮಾಡ್ತಿದಾನೆ ಅಂತ ಮನೆಯವರೇ ಬೈದದ್ದನ್ನ ನಾನು ಕೇಳಿದೀನಿ. ನಿಮ್ಮ ತಮ್ಮನ ಎಡಗಡೆಯ ಲೋಟಕ್ಕೆ ಇದೂ ಒಂದು ಕಾರಣ ಇರಬಹುದು, ಅದಕ್ಕೇ ಎಂಆರ್‌ಐಯಲ್ಲಿ ಆ ಭಾಗವನ್ನೂ ನೋಡಿಸಿ ಅಂದಿದ್ದು.

ನಾಗರಹಾವು ಮತ್ತೆ ಕಟ್ಟುಹಾವಿನ ಕತೆ ಪೂರ್ತಿ ಬೇರೆ, ಹೊಲದಲ್ಲಿ ದುಡಿಯೋರು ನೀವು, ಅದೂ ಗೊತ್ತಿರ್ಲಿ. ಇವು ನರದಿಂದ ಸ್ನಾಯುವಿಗೆ ಹೋಗೋ ಸಂದೇಶ ತಡೀತವೆ, ಮೊದಲು ಸೋಲೋದೇ ಕಣ್ಣಿನ ರೆಪ್ಪೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚತ್ತೆ, ಎಷ್ಟೋ ಸಲ ನೋವೂ ಇಲ್ಲ ಗುರುತೂ ಇಲ್ಲ, ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ, ರೆಪ್ಪೆ ಇಳಿಬಿದ್ದಿರತ್ತೆ, ಒಂದು ವಸ್ತು ಎರಡಾಗಿ ಕಾಣತ್ತೆ. ನಿದ್ದೆಗಣ್ಣು ಅಂತ ಮತ್ತೆ ಮಲಗಿಸ್ತಾರೆ. ಮಲಗಿಸಬೇಡಿ, ರೆಪ್ಪೆ ಆದ್ಮೇಲೆ ಗಂಟಲು, ಗಂಟಲಾದ್ಮೇಲೆ ಉಸಿರು. ಮೆಣಸಿನಕಾಯಿ ತಿನ್ನಿಸಿ ಖಾರ ಆಗತ್ತಾ, ಬೇವು ತಿನ್ನಿಸಿ ಕಹಿ ಆಗತ್ತಾ ಅಂತ ನೋಡ್ತಾ ಕೂರೋ ಬದಲು ಮೇಲೆ ನೋಡು ಅಂತ ಹೇಳಿ ರೆಪ್ಪೆ ಎತ್ತೋಕೆ ಆಗತ್ತಾ ನೋಡಿ, ಆಗ್ತಿಲ್ಲ ಅಂದ್ರೆ ಹೊರಡಿ.

ಕಟ್ಟುಹಾವು ಕಚ್ಚಿದ್ದ ಒಬ್ಬಳು ಹುಡುಗಿ, ಹನ್ನೊಂದು ವರ್ಷ ಇರಬಹುದು, ವೆಂಟಿಲೇಟರ್ ಮೇಲಿದ್ಲು, ಪಾಪೆ ಎರಡೂ ಅಗಲ ಆಗಿ ಟಾರ್ಚ್ ಬಿಟ್ರೂ ಅಲುಗಾಡ್ತಿರಲಿಲ್ಲ. ಮೆದುಳು ಹೋಗಿದೆ, ಮನೆಗೆ ಕರ್ಕೊಂಡು ಹೋಗ್ತೀವಿ ಅಂತ ಅವಳ ದೊಡ್ಡಪ್ಪ ಹಾಸಿಗೆ ಪಕ್ಕದಲ್ಲೇ ನಿಂತು ಮಾತಾಡ್ತಿದ್ರು. ಕಟ್ಟುಹಾವಿನ ವಿಷದಲ್ಲಿ ಪಾಪೆಯ ಸ್ನಾಯುವೂ ಸೋತಿರತ್ತೆ, ಅಗಲ ಆದ ಪಾಪೆ ಅಂದ್ರೆ ಸತ್ತ ಮೆದುಳು ಅಲ್ಲ, ತಡ್ಕೊಳ್ಳಿ ಅಂತ ಕೂರಿಸಿ ಹೇಳಿದ್ವಿ. ಆರನೇ ದಿನ ಒಂದು ರೆಪ್ಪೆ ನಡುಗಿತು. ಆಮೇಲೆ ಮಾತು ಬಂದಾಗ ಅವಳು ಮೊದಲು ಹೇಳಿದ್ದು ದೊಡ್ಡಪ್ಪ ಹೇಳಿದ್ದೆಲ್ಲಾ ನಂಗೆ ಕೇಳಿಸ್ತಿತ್ತು ಅಂತ. ಇಂಥವರಿಗೆ ದೃಷ್ಟಿ ಪೂರ್ತಿ ವಾಪಸ್ ಬರತ್ತೆ, ಹತ್ತಿರದ ಅಕ್ಷರ ಮಂಜಾಗೋದು ಮಾತ್ರ ಕೆಲವು ವಾರ ಉಳೀಬಹುದು. ಆದ್ರೆ ಆ ದಿನಗಳಲ್ಲಿ ರೆಪ್ಪೆ ಪೂರ್ತಿ ಮುಚ್ಚದೆ ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಒಣಗಿ ಹುಣ್ಣಾದ್ರೆ ಬಿಳಿ ಕಲೆ ಉಳಿಯತ್ತೆ. ನಿಮ್ಮವರು ಐಸಿಯುನಲ್ಲಿದ್ರೆ ಕಣ್ಣಿಗೆ ಮುಲಾಮು ಹಾಕಿ ಟೇಪ್ ಅಂಟಿಸ್ತಿದಾರಾ ಅಂತ ಕೇಳಿ, ಕೇಳೋದು ತಪ್ಪಲ್ಲ. ಹಾಗೇ ವಿಷ ಇಳಿಯತ್ತೆ ಅಂತ ಕಣ್ಣಿಗೆ ಸೊಪ್ಪಿನ ರಸ ಹಿಂಡೋದು, ನಿದ್ದೆ ಬರಬಾರದು ಅಂತ ಖಾರ ಸವರೋದು ಬೇಡವೇ ಬೇಡ. ಹಾವಿನಿಂದ ಪಾರಾಗಿ ಸೊಪ್ಪಿನ ರಸದಿಂದ ಕಾರ್ನಿಯಾ ಕಳ್ಕೊಂಡವರಿಗೆ ನಾನು ಔಷಧಿ ಹಾಕಿದೀನಿ.

ಸರ್ಪದೋಷದ ಮಾತು. ಮನೆಯವರ ಸಮಾಧಾನಕ್ಕೆ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡ್ಸೋದಾದ್ರೆ ಮಾಡ್ಸಿ, ನಾನು ಬೇಡ ಅನ್ನಲ್ಲ. ರಕ್ತ ಪರೀಕ್ಷೆ ಆದ್ಮೇಲೆ ಹೋಗಿ ಅಷ್ಟೇ, ಕಾರ್ಟಿಸಾಲ್ ಕಡಿಮೆ ಇರೋರು ಉಪವಾಸ ಇದ್ದು ಬಸ್ಸಲ್ಲಿ ಘಾಟಿ ಇಳಿಯೋದು ಅಪಾಯ. ಮತ್ತೆ ಇದು ನಿಮ್ಮ ಮನೆಗೆ ಮಾತ್ರ ಬಂದ ಶಾಪ ಅಂತ ಅವನ ತಲೆಗೆ ತುಂಬಬೇಡಿ. 2000ದಿಂದ 2019ರ ಒಳಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜು, ವರ್ಷಕ್ಕೆ ಸರಾಸರಿ 58 ಸಾವಿರ, ಹೆಚ್ಚಿನವರು ಹಳ್ಳಿಯವರೇ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಸಾವಿನ ಲೆಕ್ಕದ ಜೊತೆಗೆ ನಿಮ್ಮ ತಮ್ಮನ ಹಾಗೆ ಬದುಕಿ ಕಣ್ಣು ಕಳ್ಕೊಂಡವರ ಲೆಕ್ಕವೂ ಸೇರಬೇಕು ಅನ್ನೋದು ನನ್ನ ಆಸೆ.

ಅಂಗವಿಕಲತೆಯ ಸರ್ಟಿಫಿಕೇಟ್ ವಿಷಯ ನೀವು ಕೇಳಿಲ್ಲ, ಆದ್ರೂ ಗೊತ್ತಿರ್ಲಿ, ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ರೆ ಈಗಿನ ನಿಯಮದಲ್ಲಿ 30 ಪರ್ಸೆಂಟ್ ಅಂತ ಬರೀತಾರೆ, ಬಹುತೇಕ ಸೌಲಭ್ಯಗಳಿಗೆ 40 ಬೇಕು. ಎಡಗಣ್ಣಿನ ಪಕ್ಕದ ನೋಟ ಹೋಗಿದೆ ಅಂತ ಫೀಲ್ಡ್ ಟೆಸ್ಟಲ್ಲಿ ಬಂದ್ರೆ ಲೆಕ್ಕ ಬೇರೆ ಆಗತ್ತೆ, ಅದಕ್ಕೂ ಆ ರಿಪೋರ್ಟ್ ಮುಖ್ಯ.

ಕೆಲಸಕ್ಕೆ ಹೋಗೋ ವಿಷಯಕ್ಕೆ ಬಂದ್ರೆ, ಹಾರ್ಮೋನು ಮತ್ತೆ ಫೀಲ್ಡ್ ಎರಡರ ರಿಪೋರ್ಟ್ ಬರೋವರೆಗೂ ಬೈಕ್, ಟಿಲ್ಲರ್ ಬೇಡ. ಒಂದೇ ಕಣ್ಣಲ್ಲಿ ದೂರ ಹತ್ತಿರದ ಅಂದಾಜು ತಪ್ಪತ್ತೆ, ಮೆಟ್ಟಿಲು ಇಳಿಯುವಾಗ, ಲೋಟಕ್ಕೆ ನೀರು ಬಗ್ಗಿಸುವಾಗ ಗೊತ್ತಾಗತ್ತೆ, ಕೆಲವು ತಿಂಗಳಲ್ಲಿ ಮೆದುಳು ಹೊಂದ್ಕೊಳ್ಳತ್ತೆ. ಊಟಕ್ಕೆ ಕೂತಾಗ ಲೋಟವನ್ನ ಅವನ ಎದುರಿಗೇ ಇಡಿ, ಚೆಲ್ಲಿದ್ರೆ ಬೈಬೇಡಿ. ಗದ್ದೆಗೆ ಇಳಿಯೋ ದಿನ ಬಂದಾಗ ಗಮ್‌ಬೂಟು ಜೊತೆಗೆ ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ಹಾಕಿಸಿ, ನಂಬರ್ ಇಲ್ಲದಿದ್ರೂ ಪರವಾಗಿಲ್ಲ. ಭತ್ತದ ಗರಿ ಕಣ್ಣಿಗೆ ಗೀರಿ, ಭತ್ತದ ಹೊಟ್ಟು ಬಿದ್ದು ಫಂಗಸ್ ಹುಣ್ಣಾಗಿ ಬರೋರು ಪ್ರತಿ ಸುಗ್ಗಿಯಲ್ಲೂ ಇರ್ತಾರೆ, ಅವನಿಗೆ ಈಗ ಉಳಿದಿರೋದು ಆ ಎಡಗಣ್ಣೊಂದೇ. ಗದ್ದೆಯಿಂದ ಬಂದು ಚುಚ್ಚತ್ತೆ ಅಂದ್ರೆ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕ್ಬೇಡಿ, ಅದರಲ್ಲಿ ಸ್ಟೆರಾಯ್ಡ್ ಇದ್ರೆ ಫಂಗಸ್ ಹುಣ್ಣು ಹಬ್ಬತ್ತೆ, ಅವತ್ತೇ ಕಣ್ಣಿನ ಡಾಕ್ಟ್ರಿಗೆ ತೋರಿಸಿ. ಕಾರ್ಟಿಸಾಲ್ ರಿಪೋರ್ಟ್ ಬಂದ ತಕ್ಷಣ ನಂಗೂ ಕಳಿಸಿ.